ಮೇಸ್ತ್ರಿಯ ರಜೆಯ ಚೀಟಿ

ಮೊಬೈಲ್ ಆ್ಯಪ್‌ಗಳಿಗೆ ರೂಪ ಕೊಡುವ ಆ ತಂಡದ ಮುಖ್ಯಸ್ಥನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ತಂಗಿಗೆ ಮಗುವಾಗಿ ಎಂಟು ತಿಂಗಳಾದರೂ ಅವನಿನ್ನೂ ಅದರ ಮುಖ ನೋಡಿರಲಿಲ್ಲ. ಇವತ್ತು ಸಂಜೆ ಏಳಕ್ಕೆ ತಂಗಿಯ ಊರಿಗೆ ರೈಲು. ಹೆಂಡತಿ ಬೆಳಿಗ್ಗೆಯೇ ಬಟ್ಟೆ ತುಂಬಿಟ್ಟಿದ್ದಳು. ಆದರೆ ದೇವರು ಕೊಟ್ಟ ವರವನ್ನು ಪೂಜಾರಿಯೂ ಕೊಡಬೇಕಲ್ಲ. ನಾಲ್ಕು ದಿನದ ರಜೆ ಕೇಳಿದಾಗ ಸಾಹೇಬರು, "ಸ್ಕ್ರಮ್ಮೋ ಕಾನ್‌ಬನ್ನೋ, ಯಾವ ಪದ್ಧತೀಲಿ ಕೆಲಸ ಮಾಡ್ತೀರಿ ಅಂತ ಐದು ಗಂಟೆಯೊಳಗೆ ಹೇಳಿ. ಆಮೇಲೆ ರಜೆ ಮಾತು," ಎಂದರು.

ಸ್ಕ್ರಮ್ ಎಂದರೆ ಎರಡೆರಡು ವಾರದ ಗಡುವು ಹಾಕಿಕೊಂಡು, ದಿನಾ ಬೆಳಿಗ್ಗೆ ನಿಂತು ವರದಿ ಒಪ್ಪಿಸುವುದು. ಕಾನ್‌ಬನ್ ಎಂದರೆ ಕೆಲಸಕ್ಕೊಂದು ಚೀಟಿ ಬರೆದು ಹಲಗೆಗೆ ಅಂಟಿಸಿ, ಕೆಲಸ ಸಾಗಿದಂತೆ ಚೀಟಿಯನ್ನೂ ಸರಿಸುವುದು. ಗಡುವಿನ ನಡುವೆ ರಜೆ ಎಲ್ಲಿಂದ ಬಂತು? ಕಾನ್‌ಬನ್ನೇ ಆಗಬೇಕು ಎಂದು ನಿಶ್ಚಯಿಸಿ ಮೇಸ್ತ್ರಿ ತಂಡದ ಸಭೆ ಕರೆದ.

ಆ್ಯಪ್‌ಗಳಲ್ಲಿ ತಪ್ಪು ಹುಡುಕುವುದೇ ಉದ್ಯೋಗವಾದ ಹುಳುಕಪ್ಪ ಬಿಡಬೇಕಲ್ಲ.

"ಗಡುವಿಲ್ದಿದ್ರೆ ಈ ಅಕ್ಕ ಒಂದು ಬಣ್ಣ ಆರಿಸೋಕೆ ಆರು ತಿಂಗಳು ತಗೋತಾರೆ."

"ನಿನ್ನ ನಾಲಿಗೆಗೊಂದು ಗಡುವು ಹಾಕ್ಕೋ ಮೊದ್ಲು," ಎಂದಳು ಚಿತ್ರ ಬರೆಯುವ ಅಕ್ಕ.

ಹದಿನೈದೇ ನಿಮಿಷವೆಂದು ನಿಂತು ಶುರುವಾದ ಸಭೆ ಊಟದ ಹೊತ್ತಿಗೆ ಗೋಡೆಗೆ ಒರಗಿತು, ಮೂರಕ್ಕೆ ಮೇಜಿನ ಮೇಲೆ ಕೂತಿತು, ನಾಲ್ಕಕ್ಕೆ ನೆಲದ ಮೇಲೆ ಕಾಲು ಚಾಚಿತು. ಪಕ್ಕದ ಕೋಣೆಯವನೊಬ್ಬ ಇಣುಕಿ, "ಸುಮ್ನೆ ಕೆಲಸ ಮಾಡಿ ನೋಡ್ರಪ್ಪ," ಎಂದು ಎರಡೂ ಪಕ್ಷದಿಂದ ಬೈಸಿಕೊಂಡು ಹೋದ.

ಕೊನೆಗೆ ಮೇಸ್ತ್ರಿ ಹುಳುಕಪ್ಪನ ಕೈ ಹಿಡಿದ. "ಮಾರಾಯ, ಹಲಗೆ ಯಜಮಾನಿಕೆ ನಿಂಗೇ ಕೊಡ್ತೀನಿ. ಕೈಲಿರೋ ಮೂರು ಕೆಲಸ ಮುಗೀದೆ ನಾಲ್ಕನೇದು ಯಾರೂ ಮುಟ್ಟೋ ಹಾಗಿಲ್ಲ ಅಂತ ನಿಯಮ ಮಾಡು. ಸರೀನಾ?"

ಹುಳುಕಪ್ಪ ಬೆಣ್ಣೆಯಂತೆ ಕರಗಿದ. ಹಲಗೆ ತೂಗುಹಾಕಿ, ಕೈಲಿದ್ದ ಮೂರು ಕೆಲಸದ ಚೀಟಿ ಅಂಟಿಸಿ, ಮೇಲೆ ನಿಯಮವನ್ನೂ ಬರೆದ.

ಐದಕ್ಕೆ ಹತ್ತು ನಿಮಿಷವಿರುವಾಗ ಸಾಹೇಬರು ಬಂದು, ದೇವರ ಪಟ ನೋಡಿದಂತೆ ಹಲಗೆಯನ್ನು ನೋಡಿದರು. "ಭೇಷ್. ರಜೆ ಕೊಟ್ಟೆ. ಅದನ್ನೂ ಒಂದು ಚೀಟಿ ಬರೆದು ಅಂಟಿಸಿಬಿಡಿ."

ಮೇಸ್ತ್ರಿ ಚೀಟಿ ಅಂಟಿಸುವಷ್ಟರಲ್ಲಿ ಹುಳುಕಪ್ಪ ಕೆಮ್ಮಿದ. "ಸರ್, ಕೈಲಿ ಮೂರಿದೆ. ಇದು ನಾಲ್ಕನೇದು."

"ಹೌದಲ್ಲ," ಎಂದು ಸಾಹೇಬರು ತಲೆದೂಗಿದರು. "ನಿಯಮ ಮಾಡಿದ ದಿನವೇ ಮುರಿಯೋದು ಚೆನ್ನಾಗಿರಲ್ಲ. ಪಾಪ, ಸ್ಕ್ರಮ್ ಆರಿಸಿದ್ರೆ ನೀವು ರಜೆ ಮುಗಿಸಿ ಬಂದ ಮೇಲೇ ಶುರು ಮಾಡೋಣ ಅಂತಿದ್ದೆ."

ಮೇಸ್ತ್ರಿ ಮನೆಗೆ ಫೋನು ಮಾಡಿ ನಡೆದದ್ದನ್ನೆಲ್ಲ ಹೇಳಿದ. ಹೆಂಡತಿ ಪೂರ್ತಿ ಕೇಳಿದಳು.

"ಸರಿ, ನಾನು ಹೊರಟೆ. ಮಗೂಗೆ ಸೋದರಮಾವನ ಫೋಟೋ ತೋರಿಸ್ತೀನಿ. ನೀವು, ಚೀಟಿ ಸರಿದಾಗ ಬನ್ನಿ."