ಚೆಂಡಿಗೆ ಹೆದರುವವಳ ಚೆಂಡುಗಳು

ಎದೆ ಢವಢವ ಅನ್ನದೆ ಒಂದು ಚೆಂಡೂ ಇದುವರೆಗೆ ನನ್ನ ಮನೆ ಸೇರಿದ್ದಿಲ್ಲ. ಮುಂದೆ ಸೇರುವ ಲಕ್ಷಣವೂ ಇಲ್ಲ. ಬೇಸ್‌ಬಾಲ್ ಪಂದ್ಯದಲ್ಲಿ ನಿಜವಾಗಿ ಆಡಿದ ಚೆಂಡು, ಆಟಗಾರರ ಆಟೋಗ್ರಾಫು ಕೂಡಿಡುವುದು ನನ್ನ ಹುಚ್ಚು. ಮೈದಾನದ ಪಕ್ಕ ಒಬ್ಬ ಸಾಕ್ಷಿ ಕೂತಿರುತ್ತಾನೆ. ತನ್ನ ಕಣ್ಣೆದುರೇ ಆಟದಿಂದ ಹೊರಬಂದ ಚೆಂಡಿಗೆ ಮಿನುಗುವ ಸ್ಟಿಕ್ಕರ್ ಅಂಟಿಸುತ್ತಾನೆ. ಸ್ಟಿಕ್ಕರ್ ಇದ್ದರೆ ಅಸಲಿ, ಇಲ್ಲದಿದ್ದರೆ ಬರೀ ಚೆಂಡು. ಒಂದೇ ತೊಂದರೆ: ಹಾರಿಬರುವ ಚೆಂಡು ಕಂಡರೆ ನನಗೆ ಜೀವಭಯ.

ಸೀಟಿನ ಕೆಳಗೆ

ಸ್ಯಾನ್ ಫ್ರಾನ್ಸಿಸ್ಕೋದ ಮೈದಾನದಲ್ಲಿ ನಮ್ಮವರ ಜೊತೆ ಗಾರ್ಲಿಕ್ ಫ್ರೈಸ್ ತಿನ್ನುತ್ತ ಕೂತಿದ್ದೆ. ಟಕ್ ಅಂತ ಸದ್ದಾಯಿತು. ಸುತ್ತಲಿನವರೆಲ್ಲ ಕೈಚಾಚಿ ಎದ್ದರು. ಚೆಂಡು ನೇರ ನನ್ನ ಕಡೆಗೇ! ಇವತ್ತಿಗೆ ನನ್ನ ಕಥೆ ಮುಗಿಯಿತು ಅಂದುಕೊಂಡು ಸೀಟಿನ ಕೆಳಗೆ ತೂರಿ, ಫ್ರೈಸ್ ಡಬ್ಬಿಯನ್ನು ತಲೆಗೆ ಕವುಚಿಕೊಂಡೆ. ಗಲಾಟೆ ಇಳಿದಮೇಲೆ ಕಣ್ಣುಬಿಟ್ಟರೆ, ಚೆಂಡು ಮೂಗಿನ ಮುಂದೆಯೇ ತಣ್ಣಗೆ ಕೂತಿದೆ.

ಅದನ್ನೆತ್ತಿಕೊಂಡು ಸಾಕ್ಷಿಯ ಹತ್ತಿರ ಓಡಿದೆ. ಆತ ತಲೆಯಾಡಿಸಿದ. "ಜನರ ಮಧ್ಯೆ ಬಿದ್ದ ಚೆಂಡಿಗೆ ನಾನು ಸಾಕ್ಷಿ ಹೇಳೋಕಾಗಲ್ಲಮ್ಮ. ಇದೇ ಆ ಚೆಂಡು ಅಂತ ನೀವಾದರೂ ನೋಡಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಹೇಳಿಬಿಟ್ಟರು: "ಎಲ್ಲಿ ಸಾರ್! ಇವಳು ಕಣ್ಣು ಮುಚ್ಕೊಂಡಿದ್ಳು. ದೊಡ್ಡ ಸ್ಕ್ರೀನಲ್ಲಿ ಇಡೀ ಸ್ಟೇಡಿಯಂ ನೋಡಿದ್ದು ಇವಳ ಚಪ್ಪಲಿ ಮಾತ್ರ."

ನೆಲ ನಡುಗಿದಾಗ

ಸಾಂಟಾ ಕ್ಲಾರಾದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಶನಿವಾರ ಬೆಳಗ್ಗೆ ನೀರುದೋಸೆ ಹೊಯ್ಯುತ್ತಿದ್ದೆ. ಮನೆಯಲ್ಲಿದ್ದ ಫೋನುಗಳೆಲ್ಲ ಒಟ್ಟಿಗೆ ಕಿರುಚಿದವು: ಭೂಕಂಪ! ಕಾವಲಿ ಕುಣಿಯಿತು, ನೆಲ ಜಾರಿದಂತಾಯಿತು. ನಾನು ಸ್ಟವ್ ಆರಿಸಿದ್ದು ನೆನಪಿದೆ. ಆಮೇಲೆ ಡೈನಿಂಗ್ ಟೇಬಲ್ಲಿನ ಕೆಳಗೆ ಮುದುಡಿಕೊಂಡು, ಎದೆಗೆ ಗಟ್ಟಿಯಾಗಿ ಅವುಚಿಕೊಂಡು, "ಹೆದರಬೇಡ ಬಂಗಾರ, ಅಮ್ಮ ಇದ್ದೇನಲ್ಲ" ಅಂತ ಅಳುತ್ತಿದ್ದೆ.

ನಡುಕ ನಿಂತಿತು. ಎದುರಿನಿಂದ, ಅಪ್ಪನ ತೋಳಿನೊಳಗಿಂದ, ಏಳು ವರ್ಷದ ಮಗಳು ಹೇಳಿದಳು: "ಮಾಮ್, ಐ ಆಮ್ ಓವರ್ ಹಿಯರ್."

ನೋಡಿಕೊಂಡರೆ ನನ್ನ ಎದೆಯಲ್ಲಿದ್ದದ್ದು ಸ್ಟಿಕ್ಕರಿನ ಚೆಂಡು ಇಟ್ಟಿದ್ದ ಗಾಜಿನ ಪೆಟ್ಟಿಗೆ.

ನಮ್ಮವರು ನಿಟ್ಟುಸಿರು ಬಿಟ್ಟರು. "ಪುಟ್ಟಿಗೂ ಒಂದು ಸ್ಟಿಕ್ಕರ್ ಅಂಟಿಸಿಬಿಡೋಣ ಕಣೇ. ಮುಂದಿನ ಸಲ ಅಸಲಿ ಯಾವುದು ಅಂತ ಗೊತ್ತಾಗುತ್ತೆ."

ಹೆಸರಿನ ಫಜೀತಿ

ಹೇವರ್ಡಿನ ಒಂದು ಅಂಗಡಿಗೆ ನನ್ನ ಮೆಚ್ಚಿನ ಆಟಗಾರ ಸಹಿ ಹಾಕಲು ಬರುವವನಿದ್ದ. ಉಡುಪಿಯಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋದೆ. ಅವರನ್ನು ಕುರ್ಚಿಯಲ್ಲಿ ಕೂರಿಸಿ ಸಾಲಿನಲ್ಲಿ ನಿಂತೆ. ಸಾಲು ಮುಂದೆ ಹೋದಹಾಗೆ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಬಾಯಿಪಾಠ ಮಾಡಿಕೊಂಡೆ. ಕೊನೆಗೆ ಎದುರು ನಿಂತಾಗ, ಬಾಗಿಲಿನಷ್ಟು ಎತ್ತರದ ಆ ಮನುಷ್ಯ ಬಗ್ಗಿ ಮೆಲ್ಲಗೆ ಏನೋ ಕೇಳಿದ. ಭಯಕ್ಕೆ ನನಗೆ ಕೇಳಿಸಲೇ ಇಲ್ಲ. ಕಲಿತ ಇಂಗ್ಲಿಷೆಲ್ಲ ಹಾರಿಹೋಗಿ, ಬಾಯಿಂದ ನಮ್ಮೂರ ಮಾತೇ ಬಿತ್ತು: "ಎಂತ?"

"ಒಳ್ಳೇ ಹೆಸರು" ಅಂದವನೇ, ಚೆಂಡಿನ ಮೇಲೆ "ಪ್ರೀತಿಯ ಎಂತಾಗೆ" ಅಂತ ಇಂಗ್ಲಿಷಿನಲ್ಲಿ ದಪ್ಪಕ್ಷರದಲ್ಲಿ ಬರೆದು ಸಹಿ ಹಾಕಿದ. ಅವನು ಕೇಳಿದ್ದು ನನ್ನ ಹೆಸರು! ಅಲ್ಲ ಸ್ವಾಮಿ ಅನ್ನುವ ಬದಲು ಕೈಮುಗಿದು ಚೆಂಡೆತ್ತಿಕೊಂಡೆ.

ಪಕ್ಕದ ಮೇಜಿನಲ್ಲಿ, ಸಹಿ ಅಸಲಿ ಅಂತ ಸ್ಟಿಕ್ಕರ್ ಹಾಕುವಾತ ಚೆಂಡನ್ನು ನೋಡಿದ, ಸಹಿಗೆಂದು ಕೊಂಡಿದ್ದ ನನ್ನ ಟಿಕೆಟ್ ನೋಡಿದ, ಹುಬ್ಬು ಗಂಟಿಕ್ಕಿದ. "ಇಲ್ಲಿ ಬೇರೆ ಹೆಸರಿದೆಯಲ್ಲ? ಈ ಎಂತಾ ಯಾರು?"

ಬೇರೆಯವರ ಚೆಂಡು ಕದ್ದವಳು ಅಂದುಕೊಂಡನೋ? ಪೊಲೀಸರನ್ನೇ ಕರೆದರೆ? ನನ್ನ ಬಿಳಿಚಿದ ಮುಖ ನೋಡಿ ಅಮ್ಮ ಗಾಬರಿಯಿಂದ ಎದ್ದು ಬಂದರು. ಭುಜ ಹಿಡಿದು ಅಲುಗಾಡಿಸಿ ಕೂಗಿದರು: "ಎಂತಾ? ಎಂತಾ ಮಾರಾಯ್ತಿ? ಎಂತಾ?"

ಆತನ ಮುಖ ಅರಳಿತು. "ಓ, ಮನೆಯಲ್ಲಿ ಕರೆಯೋ ಹೆಸರಾ!" ಅಂದು ಸ್ಟಿಕ್ಕರನ್ನು ಗಟ್ಟಿಯಾಗಿ ಒತ್ತಿದ. "ಹೆತ್ತ ತಾಯಿಗಿಂತ ದೊಡ್ಡ ಸಾಕ್ಷಿ ಬೇಕಾ?"

ಅಮ್ಮ ನನ್ನತ್ತ ತಿರುಗಿದರು. "ಅವ ಹೇಳಿದ್ದು ಎಂತ?"

"ನೋಡಿ," ಅಂದ ಆತ ಪಕ್ಕದವನಿಗೆ, "ಎಷ್ಟು ಪ್ರೀತಿಯಿಂದ ಕರೀತಾರೆ!"