ಟಿವಿಯೊಳಗಿನ ಕೆರೆಗೆ ಹೊಸ ಎಂಜಿನ್

"ಆಟದ ಎರಡನೇ ಭಾಗ ಹೊಸ ಗ್ರಾಫಿಕ್ಸ್ ಎಂಜಿನ್ ಮೇಲೇ ಬರೋದು! ಈ ವಾರದೊಳಗೆ ಲೋಕಕ್ಕೆಲ್ಲ ಸಾಬೀತು ಮಾಡಿ ತೋರಿಸ್ತೀನಿ!"

ಹೀಗೆಂದು ಗುಡುಗಿದಾಗ ದಂತಶಿಲ್ಪಿಯ ಕೈಯಲ್ಲಿ ಯಾರದೋ ಕೆಳದವಡೆ ಇತ್ತು. ದಂತಶಿಲ್ಪಿ ಎಂಬುದು ಅವನೇ ಇಟ್ಟುಕೊಂಡ ಬಿರುದು. ಕಸುಬು, ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ ಮಾಡಿಕೊಡುವುದು.

"ಎಂಜಿನ್ನಾ? ಆಟದಲ್ಲಿ ಲಾರಿ ಇದೆಯಾ?" ಎಂದಳು ಹೆಂಡತಿ.

"ಲಾರಿಯಲ್ಲ ಕಣೇ! ಬೆಳಕು, ನೆರಳು, ನೀರು ಎಲ್ಲ ಪರದೆ ಮೇಲೆ ಮೂಡಿಸೋ ಸಾಫ್ಟ್‌ವೇರ್. ಅದು ಹೊಸದಾದ್ರೆ ನೀರು ನಿಜವಾದ ನೀರಾಗುತ್ತೆ."

"ಬಚ್ಚಲಲ್ಲಿ ನಿಜವಾದ ನೀರೇ ಎರಡು ದಿನದಿಂದ ಕಟ್ಟಿಕೊಂಡಿದೆ. ಅದಕ್ಕೆ ಯಾವ ಎಂಜಿನ್ನು?"

ಈ ಹುಚ್ಚು ಅವನಿಗೆ ಹತ್ತಿದ್ದು ಅಕ್ಕನಿಂದ. ಅಕ್ಕ ಇಪ್ಪತ್ತೆಂಟು ವರ್ಷ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದವಳು. ಬೆನ್ನುಹುರಿಯ ಕಾಯಿಲೆಯಿಂದ ಕಾಲೆರಡೂ ಸ್ವಾಧೀನ ತಪ್ಪಿದ ಮೇಲೆ ತಮ್ಮನ ಮನೆಯ ಮುಂದಿನ ಕೋಣೆಗೆ ಬಂದಿದ್ದಳು. ಹೊತ್ತು ಹೋಗಲೆಂದು ಅವನು ಟಿವಿಯಲ್ಲಿ ಕುದುರೆ ಸವಾರಿಯ ವಿಡಿಯೋ ಆಟ ಹಾಕಿಕೊಟ್ಟ. ಅಕ್ಕ ಕಳ್ಳರನ್ನು ಹಿಡಿಯಲಿಲ್ಲ, ನಿಧಿ ಹುಡುಕಲಿಲ್ಲ. ಕುದುರೆಯನ್ನು ಸೀದಾ ಕೆರೆಗೆ ಹೊಡೆದಳು. ದಂಡೆಯಲ್ಲಿ ಅದು ಗಕ್ಕನೆ ನಿಂತುಬಿಟ್ಟಿತು.

"ಏನೋ ಇದು! ನೀರು ಕಂಡ್ರೆ ಕುದುರೆಗೆ ಭಯವೋ, ಆಟ ಮಾಡಿದವರಿಗೋ?"

"ಹಳೇ ಎಂಜಿನ್ ಅಕ್ಕ. ಎರಡನೇ ಭಾಗದಲ್ಲಿ ಇಳಿಯೋಕೆ ಬಿಡ್ತಾರೆ."

"ಅದು ಯಾವಾಗ ಬರುತ್ತೆ?"

"ಮುಂದಿನ ವರ್ಷ."

ಅಕ್ಕನ ಡಾಕ್ಟರು ಮುಂದಿನ ವರ್ಷದ ಮಾತೇ ಆಡುತ್ತಿರಲಿಲ್ಲ.

ಅಷ್ಟರಲ್ಲಿ ಎರಡನೇ ಭಾಗದ ನಲವತ್ತು ಸೆಕೆಂಡಿನ ಟ್ರೇಲರ್ ಬಂತು. ದಂತಶಿಲ್ಪಿ ಅದನ್ನು ನೂರಾರು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ. ಕೊನೆಗೊಂದು ದಿನ ಕಂಡೇಬಿಟ್ಟಿತು! ಕೆರೆಯ ನಡುವೆ ಒಂದರೊಳಗೊಂದು ಅಲೆಯ ಉಂಗುರಗಳು! ಮೊಬೈಲಿನಲ್ಲಿ ಟಿವಿಯ ಫೋಟೋ ಹೊಡೆದು, "ಹಲ್ಲಿನ ಹೊಳಪಲ್ಲಿ ಮೂವತ್ತು ವರ್ಷ ಪಳಗಿದ ಕಣ್ಣಿದು, ಹೊಸ ಎಂಜಿನ್ ಖಚಿತ!" ಎಂದು ಆಟದ ಹುಚ್ಚರೆಲ್ಲ ಸೇರುವ ಜಾಲತಾಣದಲ್ಲಿ ಹಾಕಿದ.

ಹದಿನೆಂಟು ಸಾವಿರ ಜನ ಜೈ ಅಂದರು. ಒಂದು ಚಾನೆಲ್‌ನವರು ಸಂದರ್ಶನವನ್ನೇ ಮಾಡಿದರು. ಆ ಸಂಭ್ರಮದಲ್ಲಿ ನಿವೃತ್ತ ಹೆಡ್‌ಮಾಸ್ತರರ ಸೆಟ್ಟಿಗೆ ಎರಡೂ ಕಡೆ ಎಡಗಡೆಯ ಕೋರೆಹಲ್ಲನ್ನೇ ಕೂರಿಸಿದ. "ಅವರು ನಕ್ಕರೆ ಮೊಮ್ಮಕ್ಕಳು ಓಡಿಹೋಗ್ತಿದಾರೆ!" ಎಂದು ಡಾಕ್ಟರು ಫೋನಿನಲ್ಲಿ ಕೂಗಿದರು.

ನಾಲ್ಕನೇ ದಿನ ಯಾರೋ ಬರೆದರು: "ಸ್ವಾಮಿ, ನಮ್ಮ ಟಿವಿಯಲ್ಲಿ ಉಂಗುರಗಳೇ ಇಲ್ಲ. ನಿಮ್ಮದನ್ನೊಮ್ಮೆ ಒರೆಸಿ ನೋಡಿ."

ಹೆಂಡತಿ ಪರದೆಯ ಹತ್ತಿರ ಬಗ್ಗಿದಳು. "ರೀ, ಇದು ಅಲೆಯಲ್ಲ. ಹೆಬ್ಬೆಟ್ಟು!"

"ನಂದೇ ಕಣೋ," ಎಂದಳು ಅಕ್ಕ ಗಾಲಿಕುರ್ಚಿಯಿಂದ, ತಪ್ಪು ಮಾಡಿ ಸಿಕ್ಕಿಬಿದ್ದ ಮಗುವಿನ ಹಾಗೆ. "ಮುಲಾಮು ಹಚ್ಚಿದ ಕೈ. ನೀರು ಚೆನ್ನಾಗಿತ್ತು, ಮುಟ್ಟಿ ನೋಡಿದೆ."

ಅವತ್ತಿನಿಂದ ಲೋಕ ಅವನನ್ನು "ಹೆಬ್ಬೆಟ್ಟು ವಿಜ್ಞಾನಿ" ಎಂದು ಕರೆಯಿತು. ಓದಿ ಬರೆದವನಿಗೆ ಇಂಥ ಪದವಿ! ಆದರೆ ಅವನನ್ನು ಚುಚ್ಚಿದ್ದು ಅದಲ್ಲ.

"ಹಾಗಾದ್ರೆ ನೀರಿಗೆ ಇಳಿಯೋಕೆ ಆಗಲ್ವೇನೋ?" ಎಂದಿದ್ದಳು ಅಕ್ಕ.

"ಯಾಕಾಗಲ್ಲ? ಬೇರೆ ಸಾಕ್ಷಿ ಬೇಕಾದಷ್ಟಿದೆ!"

ಒಂದೂ ಇರಲಿಲ್ಲ. ಮುಂದೆ ದಿನಕ್ಕೊಂದು ಹುಟ್ಟಿಸುತ್ತ ಹೋದ. ಕುದುರೆಯ ಬಾಲ ಒದ್ದೆಯಾಗಿದೆಯಂತೆ, ಮೀನಿನ ನೆರಳು ಕಂಡಿತಂತೆ. ಒಂದು ಸಂಜೆ ಅವನಿಗೆ ಹೇಳಲು ಏನೂ ತೋಚದೆ ತಡವರಿಸಿದಾಗ ಹೆಂಡತಿ ಬಟ್ಟೆ ಮಡಿಸುತ್ತಲೇ ಅಂದಳು: "ಹೌದು ಅಕ್ಕ, ಪೇಪರಲ್ಲೂ ಬಂದಿದೆ. ತಳದವರೆಗೂ ಮುಳುಗಬಹುದಂತೆ." ಅವನು ತಿರುಗಿ ನೋಡಿದ. ಅವಳು ತಲೆಯೆತ್ತಲಿಲ್ಲ.

ಆಟದ ಬಿಡುಗಡೆ ಎರಡು ಸಲ ಮುಂದೆ ಹೋಯಿತು. ಅಕ್ಕ ಕಾಯಲಿಲ್ಲ. ಒಂದು ಮಧ್ಯಾಹ್ನ, ಊಟವಾದ ಮೇಲೆ ಸ್ವಲ್ಪ ಮಲಗುತ್ತೇನೆ ಅಂದವಳು ಏಳಲೇ ಇಲ್ಲ.

ಒಂಬತ್ತು ವಾರಗಳಾದ ಮೇಲೆ ಎರಡನೇ ಭಾಗ ಬಂತು. ಅವನಿಗೆ ಅದನ್ನು ಹಾಕುವ ಮನಸ್ಸೇ ಇರಲಿಲ್ಲ. ಹಾಕಿದವಳು ಹೆಂಡತಿ. ಅವನು ಕುದುರೆಯನ್ನು ಸೀದಾ ಕೆರೆಗೆ ಹೊಡೆದ, ಕೆಳಗಿಳಿದು ಹೆಜ್ಜೆಯಿಟ್ಟ. ನೀರು ಪಾದ ಮುಳುಗಿಸಿತು, ಮೊಣಕಾಲಿಗೆ ಬಂತು, ಎದೆಗೆ ಬಂತು.

ಎಂಜಿನ್ ಹೊಸದೇ! ಹೆಬ್ಬೆಟ್ಟು ವಿಜ್ಞಾನಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಸವಾರ ಮಾತ್ರ ಬುಳುಬುಳು ಮುಳುಗಿ ಸತ್ತ. ಇನ್ನೊಮ್ಮೆ ಇಳಿಸಿದ, ಮತ್ತೆ ಸತ್ತ. ಏಳು ಸಲ.

"ಈಜಲು ಯಾವ ಬಟನ್ ಒತ್ತಬೇಕು ಅಂತ ಅಲ್ಲೇ ದಪ್ಪಕ್ಷರದಲ್ಲಿ ಬರೆದಿದೆಯಲ್ರೀ! ಕಾಣಲ್ವಾ?"

"ಕಾಣ್ತಿಲ್ಲ ಕಣೇ," ಎಂದ.

ಅವಳು ಅವನ ಮುಖ ನೋಡಿದಳು. "ಸರೀರಿ ಆಚೆ, ನಿಮ್ಮ ಕೈಲಿ ಆಗೋದಲ್ಲ ಇದು," ಎಂದು ಕಂಟ್ರೋಲರ್ ಕಿತ್ತುಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತಳು.

ಸವಾರ ಎಂಟನೇ ಸಲ ಮುಳುಗಿದ.

"ನಂಗೂ ಕಾಣ್ತಿಲ್ಲ ಕಣ್ರೀ," ಎಂದಳು.