ಹದಿನಾಲ್ಕನೇ ನಂಬರಿನ ಆರನೇ ಅವತಾರ

ಮಧುಗಿರಿಯ ಮುನಿಯಮ್ಮನ ವಠಾರದಲ್ಲಿ ಸಂಸಾರ ನಾಲ್ಕು, ಬಾಗಿಲ ನಂಬರು ಮಾತ್ರ ಒಂದೇ: ಹದಿನಾಲ್ಕು. ಯಾರ ಟಪಾಲು ಬಂದರೂ ಮುಂದಿನ ಮನೆಯ ಮುನಿಯಮ್ಮನೇ ಈಸಿಕೊಂಡು, ಹಿಂದುಮುಂದು ತಿರುಗಿಸಿ ನೋಡಿ, ಅವರವರಿಗೆ ಮುಟ್ಟಿಸುವಳು. (ಕಾಗದಕ್ಕಿಂತ ಮೊದಲು ಅದರೊಳಗಿನ ಸಮಾಚಾರ ಮುಟ್ಟುತ್ತಿತ್ತು.) ಮನೆಗೊಂದು ನಂಬರು ಕೊಡಿರೆಂದು ಮೂರನೇ ಮನೆಯ ಕಂಪ್ಯೂಟರ್ ಮೇಷ್ಟ್ರು ರೇಣುಕಪ್ರಸಾದ್ ಬರೆದ ಅರ್ಜಿಗಳು ಯಾವ ಬೀರುವಿನಲ್ಲಿ ಸಮಾಧಿಸ್ಥವಾದವೋ!

ಆ ಸಿಟ್ಟಿಗೆ ಒಂದು ಭಾನುವಾರ ಅವರು ಅಂಗಳದಲ್ಲಿ ನಿಂತು ಗುಡುಗಿದರು. "ಇಂಟರ್ನೆಟ್ಟಿಗೂ ಇದೇ ಗತಿ ಬಂದಿತ್ತು! ಕಂಪ್ಯೂಟರುಗಳಿಗೆ ವಿಳಾಸ ಕೊಡೋ ಪದ್ಧತಿಯ ನಾಲ್ಕನೇ ಆವೃತ್ತೀಲಿ ಇದ್ದದ್ದು ನಾನೂರು ಚಿಲ್ಲರೆ ಕೋಟಿ ವಿಳಾಸ. ಸಾಲದು ಅಂತ ತೊಂಬತ್ತರ ದಶಕದಲ್ಲೇ ಆರನೇದು ಕಟ್ಟಿದ್ರು. ಇವತ್ತಿಗೂ ಎಷ್ಟೋ ಕಡೆ ಒಂದೇ ವಿಳಾಸದ ಹಿಂದೆ ನೂರಾರು ಮಂದಿ ಅವಿತಿದಾರೆ, ನಮ್ಮ ವಠಾರದಂಗೆ. ಆರನೇದ್ರಲ್ಲಿ ಮರಳಿನ ಕಣಕಣಕ್ಕೂ ವಿಳಾಸ ಉಂಟು, ನಮಗಿಲ್ಲ!"

"ನಾಲ್ಕಾದ್ಮೇಲೆ ಆರಾ? ಐದನ್ನ ಯಾರು ನುಂಗಿದ್ರಪ್ಪಾ?" ಎಂದಳು ಮುನಿಯಮ್ಮ.

"ಐದು ಪ್ರಯೋಗದಲ್ಲೇ ಮುಗೀತು."

"ಸರ್ಕಾರಿ ಬೋರ್‌ವೆಲ್ ಇದ್ದಂಗೆ ಅನ್ನು."

ಮೇಷ್ಟ್ರು ಗೇಟಿನ ಹದಿನಾಲ್ಕನ್ನು ಕೆರೆದುಹಾಕಿ, ನಾಲ್ಕು ಬಾಗಿಲಿಗೂ ಆ ಆರನೇ ಆವೃತ್ತಿಯ ಧಾಟಿಯಲ್ಲೇ ಅಂಕಿ, ಇಂಗ್ಲಿಷ್ ಅಕ್ಷರ ಬೆರೆತ, ಎಂಟೆಂಟು ಬೋಗಿಯ ರೈಲಿನಂಥ ನಂಬರು ಬರೆದರು.

"ಗೇಟಿನ ಮೇಲೆ ಹಳೇದ್ನೂ ಬರ್ದ್‌ಬುಡಿ," ಎಂದಳು ಹೆಂಡತಿ ಭುವನಾ. "ಲೈಬ್ರರಿ ಕೆಲ್ಸದ ಇಂಟರ್ವ್ಯೂ ಕಾಗ್ದ ಇದೇ ವಾರ ಬರ್ಬೇಕು. ಎರಡೂ ಅಕ್ಕಪಕ್ಕ ಇದ್ರೆ ನಿಮ್ಗೇನು ಕಷ್ಟ?"

(ಇಂಟರ್ನೆಟ್ ಲೋಕವೂ ಹಳತು ಹೊಸತೆರಡನ್ನೂ ವರ್ಷಗಟ್ಟಲೆ ಜೊತೆಗೇ ನಡೆಸಿದೆ. ಆ ಮಾತು ಮೇಷ್ಟ್ರು ಈ ಬಗ್ಗೆ ಓದಿದ ಲೇಖನದ ಕೊನೇ ಪುಟದಲ್ಲಿತ್ತು. ಅವರು ಅಲ್ಲೀತನಕ ಹೋಗಿರಲಿಲ್ಲ.)

"ಕ್ರಾಂತೀಲಿ ಅಕ್ಕಪಕ್ಕ ಇಲ್ಲ ಕಣೇ!"

ಗುರುವಾರ ಹೊಸ ಪೋಸ್ಟ್‌ಮನ್ ಬಸವೇಶ್ ಬೀದಿಯುದ್ದಕ್ಕೂ ಹದಿನಾಲ್ಕನ್ನು ಹುಡುಕಿ ಸೋತು ಮುನಿಯಮ್ಮನನ್ನು ಕೇಳಿದ. "ನಂಗೇನ್ ಗೊತ್ತಪ್ಪಾ, ಈಗ ಅವರವರ ನಂಬ್ರು ಅವರವರಿಗೆ," ಎಂದು ಅವಳು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಅವನ ಸ್ಕೂಟರು ಬೀದಿ ದಾಟಿದ ಮೇಲೆ ಕೂಗಿದಳು: "ಮೇಷ್ಟ್ರೇ, ರಿಜಿಸ್ಟರ್ ಕಾಗ್ದ ವಾಪಸ್ ಹೊಂಟೋಯ್ತು. ಭುವನಾ ಹೆಸ್ರು ಇದ್ದಂಗಿತ್ತು!"

ಭುವನಾ ಬಾಗಿಲಿಗೆ ಬಂದು ಗಂಡನಿಗೆ ಬೀದಿಯತ್ತ ಕೈ ತೋರಿಸಿದಳು. ಮೇಷ್ಟ್ರು ಲುಂಗಿ ಎತ್ತಿಕಟ್ಟಿ ಬಸ್‌ಸ್ಟ್ಯಾಂಡಿನವರೆಗೂ ಓಡಿ ಅವನನ್ನು ಹಿಡಿದರು.

ಬಸವೇಶ್ ಲಕೋಟೆ ಬಿಗಿಹಿಡಿದು ಕೇಳಿದ: "ನಿಮ್ಮ ವಿಳಾಸ ಹೇಳಿ ಸಾರ್."

"ಎರಡು, ಸೊನ್ನೆ, ಸೊನ್ನೆ, ಒಂದು... ಡಿ, ಬಿ, ಎಂಟು... ಆಮೇಲೆ..."

"ಫೋನ್ ನಂಬರಲ್ಲ ಸಾರ್, ವಿಳಾಸ."

ಮೇಷ್ಟ್ರು ಎತ್ತಿಕಟ್ಟಿದ ಲುಂಗಿ ಇಳಿಬಿಟ್ಟರು. "ಹದಿನಾಲ್ಕು. ಮುನಿಯಮ್ಮನ ವಠಾರ."

ಅವರು ವಠಾರಕ್ಕೆ ಮರಳಿದೊಡನೆ ಭುವನಾ ಒಂದು ಕೈಯಲ್ಲಿ ಕಾಗದ ಕಿತ್ತುಕೊಂಡು, ಇನ್ನೊಂದರಿಂದ ಬಣ್ಣದ ಡಬ್ಬಿ ಕೊಟ್ಟಳು. ಮೇಷ್ಟ್ರು ತಲೆತಗ್ಗಿಸಿ ಗೇಟಿನ ಮೇಲೆ ಒಂದು ಬರೆದು ನಾಲ್ಕು ತಿದ್ದುವಾಗ ಮುನಿಯಮ್ಮ ಬಗ್ಗಿ ನೋಡಿದಳು.

"ಇದು ಎಷ್ಟ್ನೇ ಆವೃತ್ತಿ ಮೇಷ್ಟ್ರೇ?"